ಕಾರಿನ ಬಾಗಿಲಲ್ಲಿ ನಮ್ಮ ಮನೆ

ಕಾರಿನ ಚಿತ್ರ ಬರೆಯುವಾಗ ನಾನು ಮೊದಲು ಕಾರನ್ನು ಬರೆಯುವುದಿಲ್ಲ. ಅದರ ಎದುರಿಗೆ ಏನಿರಬೇಕು ಎಂದು ತೀರ್ಮಾನ ಮಾಡುತ್ತೇನೆ. ಹೊಳೆಯುವ ವಸ್ತುವಿಗೆ ತನ್ನದು ಅಂತ ಇರುವುದು ಬಹಳ ಕಡಿಮೆ. ಬಾನೆಟ್ಟಿನ ಮೇಲೆ ಆಕಾಶ, ಬಾಗಿಲಿನ ಮೇಲರ್ಧದಲ್ಲಿ ದೂರದ ಬಯಲು, ಕೆಳಗರ್ಧದಲ್ಲಿ ನೆಲ, ಅವೆರಡೂ ಕೂಡುವಲ್ಲಿ ಒಂದು ದಟ್ಟ ಕಪ್ಪು. ಆ ಕಪ್ಪು ಸರಿಯಾಗಿ ಬಿದ್ದರೆ ಕಾರು ಹೊಳೆಯುತ್ತದೆ. ಅದು ಬೀಳದಿದ್ದರೆ ಎಷ್ಟು ಬಿಳಿ ಬಳಿದರೂ ಸುಣ್ಣ ಹಚ್ಚಿದ ಗೋಡೆಯ ಹಾಗೆ ಸಪ್ಪಗೆ ಕೂತಿರುತ್ತದೆ. ಈಗ ನಾನು ಪೋಸ್ಟರು ಮಾಡುವುದು ಕಂಪ್ಯೂಟರಿನಲ್ಲಿ. ಎದುರಿಗೆ ಇರಬೇಕಾದದ್ದೂ ಅಲ್ಲಿ ತಯಾರಾಗಿಯೇ ಸಿಗುತ್ತದೆ: ಸಮುದ್ರದ ದಂಡೆ, ಸಂಜೆಯ ಗುಡ್ಡ, ಖಾಲಿ ಹೆದ್ದಾರಿ. ಬೇಕಾದ್ದನ್ನು ಆರಿಸಿ ಕಾರಿನ ಸುತ್ತ ಹೊದಿಸಿದರೆ ಅದು ತಾನೇ ಬಾಗಿಲ ಮೇಲೆ ಬಾಗಿ, ಬಂಪರಿನಲ್ಲಿ ಚಪ್ಪಟೆಯಾಗಿ ಮೂಡುತ್ತದೆ. ನಾನು ಯಾವಾಗಲೂ ಮನುಷ್ಯರಿಲ್ಲದ್ದನ್ನೇ ಆರಿಸುತ್ತೇನೆ. ಇದು ನಿಮ್ಮ ಶೈಲಿ ಮೇಡಂ, ಎಷ್ಟು ಶಾಂತವಾಗಿದೆ, ಎನ್ನುತ್ತಾರೆ ಗಿರಾಕಿಗಳು. ನಾನು ತಲೆಯಾಡಿಸುತ್ತೇನೆ. ನಾಚಿಕೆಗೆ ಯಾರಾದರೂ ಶೈಲಿ ಎಂದು ಒಳ್ಳೆಯ ಹೆಸರಿಟ್ಟರೆ ಬೇಡ ಎನ್ನುವಷ್ಟು ಮೂರ್ಖಳು ನಾನಲ್ಲ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯೊಂದರ ತುದಿಗೆ ನಮ್ಮ ಮನೆಯಿತ್ತು. ಎರಡು ಖೋಲಿ. ಮುಂದಿನದು ಬಣ್ಣದ್ದು, ಹಿಂದಿನದು ನಮ್ಮದು. ನಮ್ಮದೆಂದರೆ ಅಪ್ಪ, ಅವ್ವ, ಅಪ್ಪನ ತಾಯಿ ಮತ್ತು ನಾನು. ಮಮದಾಪುರದ ಹೆಣ್ಣಾದ ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಅಪ್ಪ ಬೋರ್ಡು ಬರೆಯುವ ಪೇಂಟರ್. ಅಂಗಡಿಯ ಹೆಸರು, ನಾಟಕದ ಪರದೆ, ಟ್ರ್ಯಾಕ್ಟರಿನ ಹಿಂಬದಿಯ ಹುಲಿ, ಎಲ್ಲ ಬರೆಯುತ್ತಿದ್ದ. ಆದರೆ ಅವನಿಗೆ ಹೆಸರು ತಂದುಕೊಟ್ಟದ್ದು ಕಾರು. ಮುಂದಿನ ಖೋಲಿಯ ಗೋಡೆಗೆ ಒರಗಿಸಿಟ್ಟ ತಗಡುಗಳ ಮೇಲೆ ಸದಾ ಯಾವುದಾದರೊಂದು ಕಾರು ಅರ್ಧ ಹುಟ್ಟಿ ನಿಂತಿರುತ್ತಿತ್ತು. ನಾವು ಅದರ ಟೈರಿಗೆ ಸೆರಗು ತಾಗದಂತೆ, ಕಾಲು ತಾಗದಂತೆ ಅಡ್ಡಡ್ಡ ನಡೆದು ಹಿಂದಿನ ಖೋಲಿಗೆ ಹೋಗಬೇಕು. ಟರ್ಪಂಟೈನ್ ವಾಸನೆ ಜೋಳದ ಹಿಟ್ಟಿಗೂ ಹತ್ತಿರುತ್ತಿತ್ತು. ಆಯಿ ರೊಟ್ಟಿ ಮುರಿದು ಮೂಸಿ ನೋಡುತ್ತಿದ್ದಳು.

"ಲೇ, ಇದಕ್ಕೂ ಒಂದು ಕೋಟ್ ಹೊಡದಿಯೇನೋ?"

ಕಾರಿಗೆ ಕೊನೆಯ ಹೊಳಪು ಇಡುವುದಕ್ಕೆ ಅಪ್ಪ ಮಿಂಚು ಇಡುವುದು ಎನ್ನುತ್ತಿದ್ದ. ಮಿಂಚು ಇಡುವ ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಬಂದ್. ಮೆಣಸಿನಕಾಯಿಯ ಘಾಟು ಮುಂದಿನ ಖೋಲಿಗೆ ಹೋಗಿ ಅವನಿಗೆ ಸೀನು ಬಂದರೆ ಒಂದು ವಾರದ ಕೆಲಸ ಹಾಳು. ಅವತ್ತು ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಅಷ್ಟೇ. ಬೇರೆ ಮನೆಗಳಲ್ಲಿ ಏಕಾದಶಿಗೆ ಉಪವಾಸವಾದರೆ ನಮ್ಮಲ್ಲಿ ಕಾರಿನ ಮಿಂಚಿಗೆ ಉಪವಾಸ. ಚಿತ್ರ ಮನೆ ಬಿಟ್ಟು ಹೋಗುವಾಗ ಆಯಿ ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಅಷ್ಟೆಲ್ಲ ಮಾಡಿದರೂ ನಾವು ಯಾರೂ ಆವರೆಗೆ ಒಂದು ಕಾರಿನಲ್ಲಿ ಕೂತವರಲ್ಲ. ಅದರ ಬಗ್ಗೆ ನನಗೆ ಆಗ ಬೇಸರವೇನೂ ಇರಲಿಲ್ಲ, ಕಾರೆಂದರೆ ಮನೆಯಲ್ಲಿ ಇರುವ ಸಾಮಾನೆಂದೇ ತಿಳಿದಿದ್ದೆ.

ನಾಚಿಕೆ ಇದ್ದದ್ದು ಬಾಗಿಲಿನ ವಿಷಯಕ್ಕೆ. ನಮ್ಮ ಮನೆಯ ಬಾಗಿಲಿನ ಕಟ್ಟಿಗೆ ಗೆದ್ದಲು ತಿಂದು ಕೆಳಗಿನ ಅರ್ಧ ಉದುರಿಹೋದಾಗ ಅಪ್ಪ ಯಾವುದೋ ಹಳೆಯ ಬೋರ್ಡಿನ ತಗಡು ಕತ್ತರಿಸಿ ಹೊಡೆದಿದ್ದ. ಅದು ಸಾಬೂನಿನ ಜಾಹೀರಾತು. ನೆಟ್ಟಗೆ ಇಟ್ಟರೆ ತಗಡು ಸಾಲದೆ ಬಂದದ್ದಕ್ಕೆ ತಲೆಕೆಳಗಾಗಿ ಹೊಡೆದಿದ್ದ. ಹೀಗಾಗಿ ನಮ್ಮ ಬಾಗಿಲಿನ ಮೇಲೆ ಒಬ್ಬ ಹೆಂಗಸಿನ ಒಂದೇ ಒಂದು ದೊಡ್ಡ ಕಣ್ಣು, ತಲೆಕೆಳಗಾಗಿ, ಓಣಿಯನ್ನು ನೋಡುತ್ತಿತ್ತು. ಹುಡುಗರು ನಮ್ಮ ಮನೆಗೆ ಕಣ್ಣಿನ ಮನೆ ಎನ್ನುತ್ತಿದ್ದರು. ಅಂಚೆಯವನೂ ಹಾಗೇ ಎನ್ನುತ್ತಿದ್ದ.

ಅವ್ವನ ತವರು ಟಿಕೋಟಾದ ಹತ್ತಿರದ ಘೋಣಸಗಿ. ತಂದೆ ತಾಯಿ ತೀರಿಕೊಂಡ ಮೇಲೆ ಅವಳಿಗೆ ತವರೆಂದರೆ ಅಣ್ಣ ಮಲ್ಲಪ್ಪ, ನನ್ನ ಸೋದರಮಾವ. ಈ ಸಂಬಂಧ ನೋಡಿ ತಂದವನೂ ಅವನೇ. ಟಿಕೋಟಾದಲ್ಲಿ ಏಣಿ ಮೇಲೆ ನಿಂತು ಯಾವುದೋ ಬೋರ್ಡಿಗೆ ಬಣ್ಣ ಹಚ್ಚುತ್ತಿದ್ದ ಅಪ್ಪನನ್ನು ನೋಡಿ, ಕೈಯಲ್ಲಿ ಕಲೆಯಿದ್ದವ, ಸಿಟಿಯಲ್ಲಿ ಇರುವವ, ತಂಗಿ ಸುಖವಾಗಿರುತ್ತಾಳೆ ಎಂದು ತಾನೇ ಮುಂದಾಗಿ ಮಾತಾಡಿ ಮದುವೆ ಮಾಡಿದ್ದ. ಆ ಒಂದು ಕಾರಣಕ್ಕೆ ಅವ್ವ ತವರಿನಲ್ಲಿ ಒಂದು ಮನೆ ಕಟ್ಟಿಕೊಂಡಿದ್ದಳು, ಬಾಯಿಂದ. ಆ ಮನೆಗೆ ಸಾಗವಾನಿ ಬಾಗಿಲು. ಹಿತ್ತಲಲ್ಲಿ ನುಗ್ಗೆಗಿಡ. ಅತ್ತೆಗೊಂದು ಬೇರೆ ಖೋಲಿ. ಊರಿಗೆ ಹೋಗುವಾಗ ಪಕ್ಕದ ಮನೆಯವರ ಇಳಕಲ್ ಸೀರೆ ಇಸಿದುಕೊಂಡು ಉಡುತ್ತಿದ್ದಳು. ಬಸ್ಸಿನಲ್ಲಿ ನನಗೆ ಪಾಠ ಹೇಳಿಕೊಡುತ್ತಿದ್ದಳು: ಯಾರಾದರೂ ಕೇಳಿದರೆ ನುಗ್ಗೆಗಿಡ ಕಾಯಿ ಬಿಟ್ಟಿದೆ ಅನ್ನು. ನಾಗರ ಪಂಚಮಿಗೆ ಹೆಣ್ಣುಮಗಳನ್ನು ಕರೆದೊಯ್ಯಲು ಅಣ್ಣ ಬರಬೇಕು, ಅದು ಪದ್ಧತಿ. ಅವ್ವ ಪ್ರತಿ ಸಲವೂ ಅವನಿಗಿಂತ ಮೊದಲೇ ಹೊರಟುಬಿಡುತ್ತಿದ್ದಳು. ಮದುವೆಯ ನಂತರ ಹಿಡಿದ ನಮ್ಮ ಈ ಮನೆಯನ್ನು ಮಾವ ಒಮ್ಮೆಯೂ ನೋಡಿರಲಿಲ್ಲ.

ಒಂದು ಸಲ ನಾನೇ ಕೇಳಿದೆ, ಯಾಕೆ ಸುಳ್ಳು ಹೇಳುತ್ತಿ ಎಂದು. ಅವ್ವ ಸಿಟ್ಟಾಗಲಿಲ್ಲ.

"ಕೊಟ್ಟಾಂವ ಅಂವಾ ಬೇ, ಸುಜ್ಜಿ. ನಾ ಇರೂ ಮನಿ ನೋಡಿದ್ರ ಅಂವಗ ಅನ್ನ ಸೇರಂಗಿಲ್ಲ. ನಾನ ಕೈಯಾರೆ ದೂಡಿದೆ ಅಂತ ಸಾಯೂತನಾ ಕೊರಗ್ತಾನ."

ಬಬಲೇಶ್ವರದಲ್ಲಿ ಬಾಡಿಗೆ ಕಾರುಗಳ ವ್ಯವಹಾರ ನಡೆಸುತ್ತಿದ್ದ ಸಾವಕಾರರೊಬ್ಬರು ಟಿಕೋಟಾದಲ್ಲಿ ಹೊಸ ಆಫೀಸು ತೆರೆದರು. ಬಸ್ ಸ್ಟ್ಯಾಂಡಿನ ಎದುರು ಕಟ್ಟಡದ ಮೇಲೆ ಯಾರೂ ಕಂಡಿರದಷ್ಟು ದೊಡ್ಡ ಬೋರ್ಡು ಬೇಕೆಂದರು. ಅದರಲ್ಲಿ ಅವರ ಹೊಸ ಕಾರು ಇರಬೇಕು, ಫೋಟೋದಂತೆ ಇರಬೇಕು. ಅಪ್ಪ ಒಂದೇ ಶರತ್ತು ಹಾಕಿದ: ಕಾರು ತನ್ನ ಕಣ್ಣೆದುರು ನಿಲ್ಲಬೇಕು. ಹೀಗೆ ಒಂದು ಭಾನುವಾರ ಕಡುಗೆಂಪು ಬಣ್ಣದ ಕಾರೊಂದು ನಮ್ಮ ಓಣಿಯೊಳಗೆ ಉಜ್ಜಿಕೊಂಡು ಬಂದು ನಮ್ಮ ಬಾಗಿಲ ಎದುರು ನಿಂತಿತು. ಡ್ರೈವರನು ಚಹಾ ಕುಡಿಯಲು ಹೋದ. ಓಣಿಯ ಮಕ್ಕಳೆಲ್ಲ ಸೇರಿದರು. ಅಪ್ಪ ಎಲ್ಲರನ್ನೂ ಓಡಿಸಿ, ಎದುರು ಮನೆಯ ಕಟ್ಟೆಗೆ ಒರಗಿ ಕೂತು ಹಾಳೆಯ ಮೇಲೆ ಚೌಕ ಚೌಕ ಗೆರೆ ಎಳೆದುಕೊಂಡು ಶುರುಮಾಡಿದ. ಅದೇ ಹೊತ್ತಿಗೆ ಅವ್ವ ನನ್ನ ತಲೆ ತೊಳೆದಿದ್ದಳು. ಹೊಸ್ತಿಲ ಮೇಲೆ ಒಂದು ಮೊಣಕಾಲು ಎತ್ತಿ ಕೂತು, ನನ್ನನ್ನು ಕೆಳಗಿನ ಮೆಟ್ಟಿಲ ಮೇಲೆ ಕೂಡಿಸಿಕೊಂಡು ಹೇನು ತೆಗೆಯುತ್ತಿದ್ದಳು. ಹೇನೆಂದರೆ ಒಂದೆರಡಲ್ಲ. ಅವ್ವನ ಎಡಗೈ ಬಲು ಚುರುಕು, ಉಗುರಿನ ಮೇಲೆ ಟಿಕ್ ಟಿಕ್ ಸಪ್ಪಳ ನಡೆದೇ ಇತ್ತು. ನಮ್ಮ ಪಕ್ಕದಲ್ಲಿ ಆಯಿ ಕಾಲು ಚಾಚಿ ತಂಬಾಕು ಅರೆಯುತ್ತಿದ್ದಳು. ನಾನು ಏಳಲು ಹೋದಾಗೆಲ್ಲ ಅಪ್ಪ ಕಾರಿನ ಆಚೆಯಿಂದ ಕೂಗುತ್ತಿದ್ದ.

"ಏಯ್ ಅಲ್ಲಾಡಬ್ಯಾಡ್ರಿ! ನನ್ನ ಕಪ್ಪು ಹೋಗ್ತೈತಿ!"

ಅವ್ವ ಅವನ ಹುಚ್ಚಿಗೆ ಇದೂ ಒಂದು ಎಂದು ಸುಮ್ಮನೆ ಕೂತಳು. ಅವನಿಗೆ ಬೇಕಿದ್ದ ಕಪ್ಪು ನಾವೇ. ಕಾರಿನ ಆ ಬದಿಗೆ ಕೂತ ನಮ್ಮ ಬಿಂಬ ಅವನ ಬದಿಗೆ ಅಡ್ಡವಾಗಿ ತೆರೆದು ನಿಲ್ಲಿಸಿದ್ದ ಕಾರಿನ ಬಾಗಿಲಿನಲ್ಲಿ ಬಿದ್ದಿತ್ತು. ತೆರೆದ ಆ ಬಾಗಿಲು ನಮ್ಮ ಮನೆಯನ್ನು ಇಡಿಯಾಗಿ ಅವನ ಕಣ್ಣಿಗೆ ತೋರಿಸುತ್ತಿತ್ತು. ಅಪ್ಪ ಅದನ್ನು ಮನೆ ಎಂದು ನೋಡಲಿಲ್ಲ, ಇದು ಮಾತ್ರ ಹೊರಗಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಹೊಳಪು ಬರೆಯುವವನು ಹೆಂಡತಿ, ಮಗಳು, ಬಾಗಿಲು ಎಂದು ಬರೆಯುವುದಿಲ್ಲ. ಇಲ್ಲೊಂದು ಕಂದು ಚುಕ್ಕೆ, ಅದರ ಮಗ್ಗುಲಿಗೆ ಹಸಿರು, ಅದರ ಕೆಳಗೆ ಕಪ್ಪು, ಹೀಗೆ ಬರೆಯುತ್ತಾನೆ. ಹೆಸರಿಟ್ಟು ಬರೆದರೆ ಹೊಳಪು ಸಾಯುತ್ತದೆ. ನಾನೂ ಹಾಗೇ ಬರೆಯುತ್ತೇನೆ, ಹಾಗಾಗಿ ಅವನನ್ನು ನಂಬುತ್ತೇನೆ.

ಬೋರ್ಡು ದೊಡ್ಡದಾದ್ದರಿಂದ ಬಿಡಿ ತಗಡುಗಳ ಮೇಲೆ ಬರೆಯಬೇಕಾಯಿತು. ನಮ್ಮ ಮುಂದಿನ ಖೋಲಿಯಲ್ಲಿ ಒಮ್ಮೆಗೆ ಒಂದೇ ತಗಡು ಹಿಡಿಸುತ್ತಿತ್ತು. ಹಿಂದೆ ಸರಿದು ನೋಡಬೇಕೆಂದರೆ ಬೆನ್ನು ಗೋಡೆಗೆ ಹತ್ತುತ್ತಿತ್ತು. ಸಣ್ಣ ಹಾಳೆಯ ಮೇಲಿನ ಒಂದೊಂದು ಚೌಕವನ್ನು ಹಿಗ್ಗಿಸಿ ಒಂದೊಂದು ತಗಡು ಮುಗಿಸಿ, ಒಣಗಿದ ಮೇಲೆ ಬೆನ್ನಿಗೆ ಬೆನ್ನು ಹಚ್ಚಿ ಇಡುತ್ತಿದ್ದ. ಅವ್ವನ ತಲೆ ಒಂದು ತಗಡಿನಲ್ಲಿ, ಕೈ ಇನ್ನೊಂದರಲ್ಲಿ, ನಾನು ಅದರ ಕೆಳಗಿನದರಲ್ಲಿ. ಹತ್ತಿರದಿಂದ ನೋಡಿದರೆ ಚೆಲ್ಲಿದ ಸಾರಿನ ಕಲೆಯಂತಿದ್ದವು. ತಿಂಗಳೊಪ್ಪತ್ತು ಅವುಗಳ ನಡುವೆ ಉಂಡು ಮಲಗಿದರೂ ನಮ್ಮನ್ನು ನಾವು ಗುರುತಿಸಲಿಲ್ಲ. ಮಿಂಚು ಇಟ್ಟ ದಿನ ಮೊಸರು ರೊಟ್ಟಿ ತಿಂದೆವು. ಆಯಿ ಒಂದೊಂದು ತಗಡಿಗೂ ದೃಷ್ಟಿ ತೆಗೆದಳು.

ಉದ್ಘಾಟನೆಯ ದಿನ ಅಪ್ಪ ನಮ್ಮನ್ನೆಲ್ಲ ಟಿಕೋಟಾಕ್ಕೆ ಕರೆದುಕೊಂಡು ಹೋದ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಬಸ್ಸಿಳಿದು ರಸ್ತೆಯ ಈಚೆ ನಿಂತಾಗ ನಾನು ಮೊದಲು ಕಂಡದ್ದು ಕಾರು. ಕಟ್ಟಡದ ಮೇಲಿಂದ ಇಳಿದು ರಸ್ತೆಗೇ ಬರುತ್ತದೆ ಎನ್ನುವಂತೆ ಇತ್ತು. ಬಾನೆಟ್ಟಿನ ಮೇಲೆ ನಿಜವಾದ ಬಿಸಿಲು ಬಿದ್ದಿದೆಯೋ ಬರೆದ ಬಿಸಿಲೋ ತಿಳಿಯದು. ನನಗೆ ಎದೆಯುಬ್ಬಿ ಬಂತು. ಆಮೇಲೆ ತೆರೆದ ಬಾಗಿಲು ಕಂಡೆ. ಅದರಲ್ಲಿ ಒಂದು ಕಣ್ಣು ತಲೆಕೆಳಗಾಗಿತ್ತು. ಕಣ್ಣಿನ ಮುಂದೆ ಒಬ್ಬ ಹೆಂಗಸು ಮೊಣಕಾಲೆತ್ತಿ ಕೂತಿದ್ದಳು, ಅವಳ ತೊಡೆಗೆ ತಲೆಯೊತ್ತಿ ಒಂದು ಹುಡುಗಿ ಬಾಯಿ ತೆರೆದು ಕೂತಿತ್ತು, ಹೆಂಗಸಿನ ಕೈ ಹುಡುಗಿಯ ಕೂದಲಲ್ಲಿತ್ತು. ಸೀರೆಯ ಹರಕಿಗೆ ಹಾಕಿದ ತೇಪೆ ಕೂಡ ಕಾಣುತ್ತಿತ್ತು. ಚಹಾದಂಗಡಿಯ ಮುಂದೆ ನಿಂತವರು ಬೊಟ್ಟು ಮಾಡಿ ನಗುತ್ತಿದ್ದರು.

"ಅಲ್ಲಿ ನೋಡಲೇ, ಸಾವಕಾರನ ಗಾಡ್ಯಾಗ ಹೇನು ಹೆಕ್ಕಾಕತ್ತಾರ!"

ಆಯಿಗೆ ಮಾತ್ರ ಖುಷಿಯೋ ಖುಷಿ. ಎಲ್ಲರಿಗೂ ಕೇಳುವಂತೆ ಅಂದಳು:

"ಯಪ್ಪಾ, ಮೂಲ್ಯಾಗ ನೋಡೋ, ನನ್ನ ಕಾಲು! ನನ್ನ ಕಾಲು ಬಂದೈತಿ!"

ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಡೀ ಘೋಣಸಗಿ ಬಸ್ಸು ಹತ್ತುವುದೂ ಇಳಿಯುವುದೂ ಆ ಬೋರ್ಡಿನ ಎದುರಿಗೆ. ಅವಳ ಸಾಗವಾನಿ ಬಾಗಿಲು, ನುಗ್ಗೆಗಿಡ ಎಲ್ಲ ಆ ಒಂದು ಕಣ್ಣಿನೆದುರು ನೆಲಕ್ಕೆ ಬಿದ್ದವು. ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡದ್ದು ನೆನಪಿದೆ. ಮುಖವನ್ನಲ್ಲ, ತಲೆಯನ್ನು.

ಮನೆಗೆ ಬಂದ ಮೇಲೆ ಅವ್ವ ಸೀರೆಯನ್ನು ಮಡಚಿ ಪಕ್ಕದ ಮನೆಗೆ ಕೊಟ್ಟು ಬಂದು ಅಪ್ಪನ ಎದುರು ಕೂತಳು.

"ಅದನ್ನ ಅಳಿಸ್ರಿ."

"ಸಾವಕಾರ್ರನ್ನ ಕೇಳಿದ್ನಿ. ಮಂದಿ ನಿಂತ ನೋಡಾಕತ್ತಾರ, ಹಂಗ ಇರ್ಲಿ ಅಂದ್ರು."

"ಅವರಿಗೆ ಹಂಗ ಇರ್ಲಿ. ನಿಮಗ?"

ಅಪ್ಪ ಬ್ರಶ್ಶಿನ ಕೂದಲು ಒರೆಸುತ್ತಾ ಕೂತ. ಮೆಲ್ಲಗೆ ಅಂದ:

"ಅದನ್ನ ತಗದ್ರ ಆ ಬಾಗಲಾ ಸತ್ತು ಹೋಗ್ತೈತಿ, ರುಕ್ಮಿ. ನಾ ಇಷ್ಟು ವರ್ಷದಾಗ ಅಂಥಾ ಮಿಂಚು ಒಂದೂ ಇಟ್ಟಿಲ್ಲ."

"ನಾ ಸತ್ತು ಹೋದ್ರ ನಡೀತೈತಿ, ಹೌದಿಲ್ಲೋ?"

ಆಮೇಲೆ ಜಗಳವೂ ಇಲ್ಲ. ಅವ್ವ ಪ್ರತಿದಿನ ಎಲ್ಲದಕ್ಕೂ ಜೋರಾಗಿ ಒಗ್ಗರಣೆ ಹಾಕತೊಡಗಿದಳು, ಬೇಳೆಗೆ, ಪುಂಡಿಪಲ್ಯಕ್ಕೆ, ಕೊನೆಗೆ ಮಜ್ಜಿಗೆಗೂ. ಅಪ್ಪ ಮುಂದಿನ ಖೋಲಿಯಲ್ಲಿ ಸೀನುತ್ತಿದ್ದ, ಕುಂಚ ಕೆಳಗಿಟ್ಟು ಹೊರಗೆ ಹೋಗುತ್ತಿದ್ದ. ಅವನಿಗೂ ನಾಚಿಕೆಯಿತ್ತು. ಆದರೆ ಅವನ ನಾಚಿಕೆಗಿಂತ ಅವನ ಹೆಮ್ಮೆ ಒಂದು ಗುಲಗಂಜಿ ಹೆಚ್ಚು ತೂಗುತ್ತಿತ್ತು. ಅದು ಅವ್ವನಿಗೆ ಕಾಣುತ್ತಿತ್ತು.

ಪಂಚಮಿ ಬಂತು. ಅವ್ವ ಈ ಸಲ ಸೀರೆ ಇಸಿದುಕೊಳ್ಳಲಿಲ್ಲ, ಉಂಡಿ ಕಟ್ಟಲಿಲ್ಲ, ಊರಿನ ಹೆಸರೆತ್ತಲಿಲ್ಲ. ಹಬ್ಬದ ಹಿಂದಿನ ಬೆಳಿಗ್ಗೆ ನಾನು ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಓಣಿಯ ತಿರುವಿನಲ್ಲಿ ಬಿಳಿ ಟೊಪ್ಪಿಗೆ, ಕೈಯಲ್ಲಿ ಗಂಟು, ಮನೆ ಮನೆಯ ಬಾಗಿಲು ನೋಡುತ್ತಾ ಬರುತ್ತಿರುವ ಮನುಷ್ಯ ಕಂಡ. ಮಲ್ಲಪ್ಪ ಮಾವ. ನಾನು ಕೂಗಿದೆ. ಒಳಗಿಂದ ಅವ್ವ ಓಡಿ ಬಂದು ಇಣುಕಿ ನೋಡಿ, ನನ್ನನ್ನು ಹೊರಗೇ ಬಿಟ್ಟು ಬಾಗಿಲು ಎಳೆದು ಚಿಲಕ ಹಾಕಿಕೊಂಡಳು. ಬಾಗಿಲ ಸಂದಿನಿಂದ ಉಸಿರಿನಷ್ಟೇ ದನಿ ಬಂತು.

"ನಮ್ಮ ಮನಿ ಅಲ್ಲ ಅನ್ನು. ಸುಜ್ಜಿ, ನಿನ್ನ ಕಾಲು ಬೀಳ್ತೇನಿ, ನಮ್ಮ ಮನಿ ಅಲ್ಲ ಅನ್ನು."

ಮಾವ ಬಂದು ನಿಂತ. ಬಾಗಿಲನ್ನು ನೋಡಿದ. ತಲೆಕೆಳಗಾದ ಕಣ್ಣನ್ನು ನೋಡಿದ. ಮೆಟ್ಟಿಲ ಪಕ್ಕ ಬಿಟ್ಟಿದ್ದ ಅವ್ವನ ಚಪ್ಪಲಿ ನೋಡಿದ. ಆಮೇಲೆ ನನ್ನನ್ನು ನೋಡಿ ನಕ್ಕ.

"ಇಲ್ಲಿ ಕುಂತಿಯಲ್ಲಬೇ ಸುಜ್ಜವ್ವಾ. ಇದ ಏನು ನಿಮ್ಮ ಮನಿ?"

"ಅಲ್ಲ ಮಾವಾ. ಇದು ನಮ್ಮ ಮನಿ ಅಲ್ಲ. ನಾ ಆಡಾಕ ಬಂದೇನಿ."

ಮಡಿಲ ತುಂಬ ಶೇಂಗಾ ಸಿಪ್ಪೆ ಇಟ್ಟುಕೊಂಡು ಹೇಳಿದೆ. ಮಾವ ನಗು ಬಿಡಲಿಲ್ಲ.

"ಹೌದ? ಮತ್ತ ನಿಮ್ಮ ಮನಿ ಎಲ್ಲೈತಿ?"

"ದೂರ ಐತಿ."

"ಭಾಳ ದೂರ?"

"ಭಾಳ."

"ಹಂಗಾರ ಇವತ್ತಿಗೆ ನಾ ಮುಟ್ಟೂದು ಆಗಂಗಿಲ್ಲ ಬಿಡು. ಬಸ್ಸು ತಪ್ಪತೈತಿ."

ಅವನು ಎದುರಿನ ಕಟ್ಟೆಯ ಮೇಲೆ ಕೂತು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಈ ಮನೆಯವರನ್ನು ಕೇಳಿ ಒಂದು ತಂಬಿಗೆ ನೀರು ತರುತ್ತೀಯಾ ಎಂದ. ನಾನು ಬಾಗಿಲು ತಟ್ಟಿದೆ. ಬಾಗಿಲು ಕೈ ಹಿಡಿಸುವಷ್ಟು ತೆರೆಯಿತು. ಮೊದಲು ತಂಬಿಗೆ ಬಂತು, ಆಮೇಲೆ ಒಂದು ಬಟ್ಟಲಲ್ಲಿ ಬೆಲ್ಲದ ತುಂಡು. ಮನೆಗೆ ಬಂದವರಿಗೆ ಬೆಲ್ಲ ಕೊಡದೆ ನೀರು ಕೊಡುವುದು ಅವ್ವನ ಕೈಯಿಂದ ಆಗುವ ಮಾತಲ್ಲ, ಚಿಲಕದ ಹಿಂದೆ ನಿಂತಾಗಲೂ. ಮಾವ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ನೀರನ್ನೆಲ್ಲ ಎತ್ತಿ ಕುಡಿದ. ಗಂಟನ್ನು ನನ್ನ ಪಕ್ಕ ಇಟ್ಟ. ಬಾಗಿಲ ಕಡೆಗೆ ಮುಖ ಮಾಡಿ, ಆದರೆ ನನಗೇ ಹೇಳಿದ:

"ಉಂಡಿ ಅದಾವ. ರುಕ್ಮಿಗೆ ಅಂತ ತಂದಿದ್ನಿ, ಆಕಿ ಮನಿ ಸಿಗಲಿಲ್ಲ. ಹೊತ್ಕೊಂಡು ತಿರುಗಿ ಯಾಕ ಹೋಗ್ಲಿ, ಈ ಮನಿಯವರು ತಿನ್ಲಿ. ನಿಮ್ಮವ್ವಗ ಹೇಳವಾ, ನಾ ಬರಾಕ ಆಗಲಿಲ್ಲ, ಆಕಿನ ಬರಬೇಕಂತ. ಬರದಿದ್ರ ನಾ ಹಬ್ಬದ ಊಟಾ ಮಾಡಂಗಿಲ್ಲ ಅಂತ ಹೇಳು."

ನನ್ನ ತಲೆಯ ಮೇಲೆ ಕೈಯಿಟ್ಟು ಹೊರಟುಹೋದ. ಅವನು ತಿರುವು ದಾಟಿದ ಮೇಲೂ ಬಾಗಿಲು ತೆರೆಯಲಿಲ್ಲ. ಸಂದಿನಿಂದ ಇಣುಕಿದೆ, ಒಳಗೆ ಅವ್ವ ನೆಲದ ಮೇಲೆ ಕೂತು ಅಳುತ್ತಿದ್ದಳು. ಕಿಟಕಿಯಿಂದ ಆಯಿ ಬೈಯುತ್ತಿದ್ದಳು, ಹಡೆದವ್ವನ ಹೊಟ್ಟೆಯ ಅಣ್ಣನನ್ನು ಹೊರಗೆ ಕೂಡಿಸಿದಳಲ್ಲ ಎಂದು. ನನಗೆ ಸುಳ್ಳು ಹೇಳಿದ್ದು ಅಷ್ಟು ಚುಚ್ಚಲಿಲ್ಲ. ಮಕ್ಕಳು ಹೇಳುವ ಸುಳ್ಳನ್ನು ದೊಡ್ಡವರು ಬೈದು ಹಿಡಿಯುತ್ತಾರೆ, ಅದು ಗೊತ್ತಿತ್ತು. ಈ ಮನುಷ್ಯ ಅದನ್ನು ಎರಡೂ ಕೈಯಿಂದ ಪ್ರಸಾದದಂತೆ ತೆಗೆದುಕೊಂಡಿದ್ದ. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಮರುದಿನ ಅವ್ವ ತನ್ನ ಸ್ವಂತ ಸೀರೆಯನ್ನೇ ಉಟ್ಟು ಹೊರಟಳು. ಆಯಿ ಮನೆ ಕಾಯಲು ಉಳಿದಳು. ಯಾವತ್ತೂ ಬಾರದ ಅಪ್ಪ ಯಾರೂ ಕರೆಯದೆ ಚಪ್ಪಲಿ ಮೆಟ್ಟಿಕೊಂಡು ನಮ್ಮ ಹಿಂದೆ ಬಂದ. ಘೋಣಸಗಿಯಲ್ಲಿ ಮಾವನ ಪಡಸಾಲೆಯ ತುಂಬ ಹೆಂಗಸರು. ಅತ್ತೆ, ಅಂದರೆ ಮಾವನ ಹೆಂಡತಿ, ನಮ್ಮ ಕೈಗೆ ನೀರು ಕೊಡುವ ಮೊದಲೇ ಶುರುಮಾಡಿದಳು.

"ನೋಡ್ರಿ ನಿಮ್ಮಣ್ಣನ ಶಾಣ್ಯಾತನಾ! ನಿಮ್ಮನ್ನ ಕರ್ಕೊಂಡು ಬರಾಕ ಅಂತ ಹೋಗಿ, ಮನಿ ಸಿಗಲಿಲ್ಲಂತ, ಉಂಡಿ ಗಂಟು ಯಾರಿಗೋ ಕೊಟ್ಟು ಬಂದಾರ. ಆ ಬೋರ್ಡಿನ್ಯಾಗ ಕಣ್ಣಿನ ಬಾಗಲಾ ಐತೆಲ್ಲ, ಅದ ಮನಿ ನಿಮ್ಮದು ಅಂತ ಇಲ್ಲಿ ಎಲ್ಲಾರೂ ಅಂತಿದ್ರು. ಆ ಮನೀನೂ ನೋಡಿ ಬಂದಾರಂತ. ಯಾರೋ ಬ್ಯಾರೇವ್ರದಂತ."

ಒಬ್ಬ ಮುದುಕಿ, ಬೋರ್ಡಿನವಳು ಕೂತದ್ದು ಮಾತ್ರ ರುಕ್ಮವ್ವನ ಹಾಗೇ ಇದೆಯಲ್ಲ ಎಂದಳು. ಮಾವ ಕಂಬಕ್ಕೊರಗಿ ನೆಲ ನೋಡುತ್ತಿದ್ದವನು ಗಂಟಲು ಸರಿಪಡಿಸಿಕೊಂಡ.

"ಏಯ್, ನೀವು ಕಣ್ಣಿಟ್ಟು ನೋಡೀರಿ ಏನು? ಆ ಬೋರ್ಡಿನ್ಯಾಕಿ ಬಲಗೈಲೆ ಹೆಕ್ಕಾಕತ್ತಾಳ. ನಮ್ಮ ರುಕ್ಮಿ ಎಡಚಿ. ಸಣ್ಣಾಕಿದ್ದಾಗ ಇದ ಎಡಗೈ ಸಲುವಾಗಿ ಎಷ್ಟು ಬಡಿಸ್ಕೊಂಡಾಳ, ಮರತ್ರಿ?"

ಎಲ್ಲರೂ ಅವ್ವನ ಕೈ ನೋಡಿದರು. ಯಾರೋ ಮುಂದಿಟ್ಟಿದ್ದ ಶೇಂಗಾವನ್ನು ಅವಳು ಎಡಗೈಯಿಂದ ಸುಲಿಯುತ್ತಿದ್ದಳು. ಹೌದಲ್ಲ, ಹೌದ್ಹೌದು ಎಂದು ನಗೆ ಎದ್ದಿತು. ನಾನು ಅಪ್ಪನನ್ನು ನೋಡಿದೆ. ಹೊಳಪಿನಲ್ಲಿ ಎಡಗೈ ಬಲಗೈ ಆಗುತ್ತದೆ, ಕನ್ನಡಿ ನೋಡಿ ತಲೆ ಬಾಚುವವರಿಗೆಲ್ಲ ಗೊತ್ತಿರುವ ಸಂಗತಿ. ಅಪ್ಪ ಅದನ್ನು ಅದೆಷ್ಟು ಕಷ್ಟಪಟ್ಟು ಸರಿಯಾಗಿ ಬರೆದಿದ್ದನೋ ಅದೇ ಈಗ ಅದು ಅವ್ವನಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿತ್ತು. ಅತ್ತೆ ಅವನ ಕಡೆಗೇ ತಿರುಗಿದಳು.

"ಹೌದೇನ್ರಿ? ಮತ್ತ ಯಾರ ಮನೀರಿ ಅದು?"

ಅಪ್ಪ ಅವ್ವನನ್ನು ನೋಡಿದ. ಅವ್ವ ತಲೆಯೆತ್ತಲಿಲ್ಲ, ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು.

"ಯಾರದೂ ಅಲ್ರಿ," ಎಂದ ಅಪ್ಪ. "ಸುಮ್ನ ತಲಿಯಾಗ ಬಂದಂಗ ಹಾಕಿದ್ನಿ."

"ಅಯ್ಯ, ಖರೇ ಮನಿ ಇದ್ದಂಗ ತಗದೀರಲ್ರಿ!"

ಅಪ್ಪ ನಕ್ಕ. ಅಂಥ ನಗೆಯನ್ನು ನಾನು ಅವನ ಮುಖದಲ್ಲಿ ಮತ್ತೆ ನೋಡಲಿಲ್ಲ, ನೋಡುವ ಆಸೆಯೂ ಇಲ್ಲ. ಊಟಕ್ಕೆ ಕೂತಾಗ ಮಾವ ತಾನೇ ಎದ್ದು ಬಂದು ಅಪ್ಪನ ತಾಟಿಗೆ ತುಪ್ಪ ಬಡಿಸಿದ, ಸಾಕು ಸಾಕು ಎಂದರೂ ಬಿಡದೆ ಬಡಿಸಿದ. ಅವ್ವ ಜೋಕಾಲಿ ಆಡಲು ಹೋಗಲಿಲ್ಲ. ಅವಳ ಮನೆ ಮತ್ತೆ ಎದ್ದು ನಿಂತಿತ್ತು, ಸಾಗವಾನಿ ಬಾಗಿಲು, ನುಗ್ಗೆಗಿಡ ಸಮೇತ, ಮತ್ತು ಅಲ್ಲಿದ್ದವರಲ್ಲಿ ಅದು ಸುಳ್ಳೆಂದು ತಿಳಿದ ನಾಲ್ಕು ಜನರೂ ಒಬ್ಬರ ಮುಖ ಒಬ್ಬರು ನೋಡದೆ ಹೋಳಿಗೆ ಮುರಿಯುತ್ತಿದ್ದೆವು.

ಹೊರಡುವ ದಿನ ಮಾವ ಟಿಕೋಟಾದವರೆಗೆ ಬಂದು ನಮ್ಮನ್ನು ವಿಜಯಪುರದ ಬಸ್ಸಿಗೆ ಹತ್ತಿಸಿದ. ಬಸ್ಸು ಬೋರ್ಡಿನ ಎದುರಿಗೇ ನಿಂತಿತ್ತು. ಅವನು ಕಿಟಕಿಯ ಕೆಳಗೆ, ಬೋರ್ಡಿಗೆ ಬೆನ್ನು ಮಾಡಿ ನಿಂತ. ಮಳೆ ಬೆಳೆ, ನನ್ನ ಸಾಲಿ, ಆಯಿಯ ಮೊಣಕಾಲು ನೋವು, ಎಲ್ಲ ಕೇಳಿದ. ಮನೆಯ ಸುದ್ದಿ ಎತ್ತಲಿಲ್ಲ. ಡ್ರೈವರನು ಬರುವುದು ತಡವಾಯಿತು, ಮಾತು ಮುಗಿದುಹೋಯಿತು, ಆದರೂ ಮಾವ ಹಿಂದಕ್ಕೆ ತಿರುಗಲಿಲ್ಲ. ನಾವು ಮೂವರೂ ಕಿಟಕಿಗೆ ಒತ್ತಿ ಕೂತು ಅವನ ಮುಖವನ್ನೇ ನೋಡುತ್ತಿದ್ದೆವು. ಅವನ ಟೊಪ್ಪಿಗೆಯ ಮೇಲಕ್ಕೆ ಒಂದು ಗೇಣು ಕಣ್ಣೆತ್ತಿದರೂ ನಮ್ಮನ್ನು ನಾವೇ ನೋಡಬೇಕಾಗುತ್ತಿತ್ತು.